ಯುರೋಪಿನ ರೈಲ್ ಪಾಸ್: ಯಾವುದು ಕೊಳ್ಳಬೇಕು, ಫೋನಿನಲ್ಲಿದ್ದರೆ ಸಾಕೆ?

ಪ್ರಶ್ನೆ (ವಿಜಯಪುರದಿಂದ)
ಎಲ್ಲರಿಗೂ ನಮಸ್ಕಾರ. ಬರುವ ಮೇ ತಿಂಗಳಲ್ಲಿ ತಂದೆ (67) ಮತ್ತು ತಾಯಿಯನ್ನು (62) ಕರೆದುಕೊಂಡು ಪ್ಯಾರಿಸ್, ಸ್ವಿಟ್ಜರ್ಲೆಂಡಿನ ಇಂಟರ್‌ಲಾಕೆನ್, ಮಿಲಾನ್ ಹಾಗೂ ವೆನಿಸ್ ನೋಡಿ ಬರಬೇಕೆಂದಿದ್ದೇನೆ. ಅದರಲ್ಲಿ ಆರು ದಿನ ಸ್ವಿಟ್ಜರ್ಲೆಂಡಿಗೇ ಮೀಸಲು. ಯುರೇಲ್ ಗ್ಲೋಬಲ್ ಪಾಸ್ 33 ದೇಶಗಳಲ್ಲಿ ನಡೆಯುತ್ತದೆಂದು ಓದಿದ್ದೇನೆ. ಅದೊಂದನ್ನೇ ಕೊಂಡರೆ ಸಾಕಾಗುವುದೇ? ಇನ್ನೊಂದು ಮಾತು: ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ಹುಬ್ಬಳ್ಳಿಗೆ ಹೊರಟರೂ ತಂದೆಯವರು ಟಿಕೆಟ್ಟಿನ ಪ್ರಿಂಟ್ ತೆಗೆಸಿ, ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಕಿಸೆಯಲ್ಲಿ ಇಟ್ಟುಕೊಂಡ ಮೇಲೆಯೇ ಮನೆಯಿಂದ ಹೊರಬೀಳುತ್ತಾರೆ. ಬರೀ ಫೋನಿನಲ್ಲಿರುವ ಪಾಸನ್ನು ನಂಬಿ ಹೋಗಬಹುದೇ?

ಉತ್ತರ 1 (ಬೆಳಗಾವಿಯಿಂದ)
ಎರಡು ಬಾರಿ ಆ ಕಡೆ ಹೋಗಿ ಬಂದವನಾಗಿ ಹೇಳುತ್ತಿದ್ದೇನೆ. ನಮ್ಮಲ್ಲಿ ರಿಸರ್ವೇಶನ್ ಟಿಕೆಟ್ ಎಂದರೆ ಪ್ರಯಾಣದ ಹಕ್ಕೂ ಬರ್ತೂ ಒಂದೇ ಚೀಟಿಯಲ್ಲಿ ಬರುತ್ತವೆ; ಯುರೇಲ್ ಪಾಸಿನಲ್ಲಿ ಸಿಗುವುದು ಹಕ್ಕು ಮಾತ್ರ. ಪ್ಯಾರಿಸ್‌ನಿಂದ ಸ್ವಿಟ್ಜರ್ಲೆಂಡಿಗೆ ಬರುವ ಟಿಜಿವಿ, ಅಲ್ಲಿಂದ ಮಿಲಾನಿಗೆ ಹೋಗುವ ಯುರೋಸಿಟಿ, ಮಿಲಾನ್–ವೆನಿಸ್ ನಡುವಿನ ಫ್ರೆಚ್ಚಾರೊಸ್ಸ ಈ ಮೂರು ರೈಲುಗಳಿಗೂ ಪಾಸ್ ಇದ್ದರೂ ಬೇರೆ ಹಣ ಕೊಟ್ಟು ಸೀಟು ಕಾಯ್ದಿರಿಸಲೇಬೇಕು. ಅದರಲ್ಲೂ ಟಿಜಿವಿಯಲ್ಲಿ ಪಾಸಿನವರಿಗೆ ಇಡುವ ಸೀಟುಗಳು ಕಡಿಮೆ. ತಡ ಮಾಡಿದರೆ ಪಾಸ್ ಕೈಯಲ್ಲಿದ್ದೂ ರೈಲು ತಪ್ಪುತ್ತದೆ.

ನಿಮ್ಮದು ಮೂರೇ ದೂರದ ಪ್ರಯಾಣ. ಅವಕ್ಕೆ ತಿಂಗಳುಗಳ ಮುಂಚೆಯೇ ಬಿಡಿ ಟಿಕೆಟ್ ಕೊಂಡರೆ ಅಗ್ಗವಾಗುತ್ತದೆ. ಆರು ದಿನಗಳಿಗೆ ಸ್ವಿಸ್ ಟ್ರಾವೆಲ್ ಪಾಸ್ ಕೊಳ್ಳಿರಿ. ಅದು 3, 4, 6, 8 ಮತ್ತು 15 ದಿನಗಳಿಗೆ ದೊರೆಯುತ್ತದೆ. ರೈಲಷ್ಟೇ ಅಲ್ಲ, ಹಳದಿ ಬಣ್ಣದ ಅಂಚೆ ಬಸ್ಸು, ಊರೊಳಗಿನ ಟ್ರಾಮು, ಇಂಟರ್‌ಲಾಕೆನ್ನಿನ ಎರಡೂ ಬದಿಯ ಥುನ್ ಮತ್ತು ಬ್ರಿಯೆಂಜ್ ಸರೋವರಗಳ ಹಡಗು ಎಲ್ಲವೂ ಅದರಲ್ಲಿ ಸೇರಿವೆ. ಹಿಮಬೆಟ್ಟದ ಮೇಲಿರುವ ಯುಂಗ್‌ಫ್ರೌಯೋಖ್ ನಿಲ್ದಾಣಕ್ಕೆ ಹೋಗುವ ರೈಲು ಮಾತ್ರ ಪೂರ್ತಿ ಸೇರಿಲ್ಲ, ಅದಕ್ಕೆ ಶೇಕಡಾ 25ರ ರಿಯಾಯಿತಿಯಿದೆ. ಅಲ್ಲಿಯ ಒಳನಾಡಿನ ಸಾಮಾನ್ಯ ರೈಲುಗಳಿಗೆ ಸೀಟು ಕಾಯ್ದಿರಿಸುವ ಗೊಡವೆಯೂ ಇಲ್ಲ. ಇಲ್ಲಿ ಕುಳಿತೇ ಆನ್‌ಲೈನಿನಲ್ಲಿ ಕೊಂಡು, ಹಾಳೆಯ ಮೇಲೆ ಪ್ರಿಂಟ್ ಹಾಕಿಸಿಕೊಳ್ಳಬಹುದು. ತಂದೆಯವರ ಒಳಕಿಸೆಗೆ ಇದು ಸರಿಹೊಂದುತ್ತದೆ.

ಉತ್ತರ 2 (ಬಾಗಲಕೋಟೆಯಿಂದ)
ಮೇಲಿನ ಸಲಹೆ ನನಗೂ ಒಪ್ಪಿಗೆ. ಆದರೂ ಊರುಗಳು ಹೆಚ್ಚಾಗಿ ನೀವು ಯುರೇಲಿಗೇ ಹೋಗುವುದಾದರೆ, 60 ದಾಟಿದವರಿಗೆ ಶೇಕಡಾ 10ರ ರಿಯಾಯಿತಿ ಇರುವುದರಿಂದ ತಂದೆ-ತಾಯಿ ಇಬ್ಬರಿಗೂ ಹಿರಿಯರ ಪಾಸನ್ನೇ ಆರಿಸಿರಿ. ಮೂವರ ಪಾಸುಗಳನ್ನೂ ನಿಮ್ಮ ಒಂದೇ ಫೋನಿನಲ್ಲಿ ಇಟ್ಟುಕೊಳ್ಳಬಹುದು.

ನನ್ನಿಂದ ಆದ ತಪ್ಪನ್ನು ಹೇಳಿಬಿಡುತ್ತೇನೆ. ಯುರೇಲಿನ ಮೊಬೈಲ್ ಪಾಸ್ ಕೊಂಡರಷ್ಟೇ ಸಾಲದು. ಮೊದಲು ಅದನ್ನು ಚಾಲೂ ಮಾಡಬೇಕು, ಆಮೇಲೆ ಪ್ರತಿ ರೈಲನ್ನೂ ಹತ್ತುವ ಮುನ್ನವೇ ಆ್ಯಪಿನಲ್ಲಿ ಪಾಸಿಗೆ ಸೇರಿಸಬೇಕು. ಜ್ಯೂರಿಕ್‌ನಲ್ಲಿ ಮಕ್ಕಳನ್ನೂ ಚೀಲಗಳನ್ನೂ ಹತ್ತಿಸುವ ಗಡಿಬಿಡಿಯಲ್ಲಿ ನಾನು ಅದನ್ನು ಮರೆತೆ. ಟಿಕೆಟ್ ತಪಾಸಣೆಯವರು ನಮ್ಮ ಸೀಟಿನ ಬಳಿ ಬಂದು ನಿಂತಾಗ ಪರದೆಯ ಮೇಲೆ ತೋರಿಸಲು ಕ್ಯೂಆರ್ ಕೋಡೇ ಇರಲಿಲ್ಲ. ಅವರು ಪಾಸ್‌ಪೋರ್ಟ್ ನೋಡಿ, ತಿಳಿಹೇಳಿ ಬಿಟ್ಟರು; ದಂಡ ಹಾಕಿದ್ದರೆ ಕೊಡಬೇಕಾಗುತ್ತಿತ್ತು. ಮೂರು ದಿನಕ್ಕೊಮ್ಮೆಯಾದರೂ ಆ್ಯಪಿಗೆ ಇಂಟರ್‌ನೆಟ್ ಸಿಗಬೇಕು, ಪವರ್ ಬ್ಯಾಂಕ್ ಕೈಚೀಲದಲ್ಲಿಯೇ ಇರಬೇಕು.

ಯಾವ ಪಾಸಾದರೂ ಹೆಸರು ಪಾಸ್‌ಪೋರ್ಟಿನಲ್ಲಿದ್ದಂತೆಯೇ ಇರಲಿ. ನಮ್ಮ ಕಡೆ ತಂದೆಯ ಹೆಸರು ನಡುವೆ, ಅಡ್ಡಹೆಸರು ಕೊನೆಗೆ ಬರುವುದರಿಂದ ಬ್ಯಾಂಕಿನ ಪುಸ್ತಕದಲ್ಲಿ ಒಂದು ರೀತಿ, ಪಾಸ್‌ಪೋರ್ಟಿನಲ್ಲಿ ಇನ್ನೊಂದು ರೀತಿ ಇರುತ್ತದೆ. ತಪಾಸಣೆಯವರು ಪಾಸಿನೊಂದಿಗೆ ಪಾಸ್‌ಪೋರ್ಟನ್ನೂ ಕೇಳಬಹುದು; ಅದನ್ನು ದೊಡ್ಡ ಪೆಟ್ಟಿಗೆಯಲ್ಲಿ ಇಡಬೇಡಿರಿ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಆರು ದಿನದ ಸ್ವಿಸ್ ಪಾಸ್, ಉಳಿದ ಮೂರಕ್ಕೆ ಬಿಡಿ ಟಿಕೆಟ್ ಎಂದು ನಿಶ್ಚಯಿಸಿದೆ. ಈಗಷ್ಟೇ ಪಾಸ್‌ಪೋರ್ಟ್ ತೆಗೆದು ನೋಡಿದೆ. ತಾಯಿಯವರ ಹೆಸರಿನ ಕೊನೆಗೆ ನಾವು ಮನೆಯಲ್ಲಿ ಬರೆಯುವ ‘ಬಾಯಿ’ ಅದರಲ್ಲಿಲ್ಲ. ಪಾಸಿನಲ್ಲಿಯೂ ಹಾಗೆಯೇ, ‘ಬಾಯಿ’ ಬಿಟ್ಟು ತುಂಬುತ್ತೇನೆ.