ಹಕ್ಕಿಯ ‘ಜಿಜ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಹಕ್ಕಿ ನೋಡುವ ಹೊಸಬರಿಗಾಗಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ನೀರಂಚಿನ ಹಕ್ಕಿಗಳ ಭಾಗದಲ್ಲಿ ಒಂದು ಪದಕ್ಕೆ ಸಿಕ್ಕಿಹಾಕಿಕೊಂಡಿದ್ದೇನೆ. ಇಂಗ್ಲಿಷ್‌ನಲ್ಲಿ ಅದನ್ನು ‘ಜಿಜ್’ ಅನ್ನುತ್ತಾರೆ.

ಅರ್ಥ ಇಷ್ಟು. ಬಣ್ಣ, ಗೆರೆ, ಚುಕ್ಕೆ ಯಾವುದೂ ಕಾಣದಷ್ಟು ದೂರದಲ್ಲಿ ಹಕ್ಕಿ ಇದೆ. ಆದರೂ ಮೈಕಟ್ಟು, ನಿಲ್ಲುವ ರೀತಿ, ಓಡುವ ಮತ್ತು ಮೇಯುವ ಬಗೆ ಎಲ್ಲ ಸೇರಿ ಇದು ಇಂಥದ್ದೇ ಎಂದು ಥಟ್ಟನೆ ಹೊಳೆಯುತ್ತದೆ. ಪರಿಚಯದವರನ್ನು ಹಿಂದಿನಿಂದ ನಡಿಗೆ ನೋಡಿಯೇ ಗುರುತಿಸುತ್ತೇವಲ್ಲ, ಹಾಗೆ.

ಪದದ ಮೂಲದ ಬಗ್ಗೆ ಒಂದು ಕಥೆ ಚಾಲ್ತಿಯಲ್ಲಿದೆ. ಎರಡನೇ ಮಹಾಯುದ್ಧದಲ್ಲಿ ವಿಮಾನ ಗುರುತಿಸುವವರು ‘ಒಟ್ಟು ನೋಟ, ಗಾತ್ರ, ಆಕಾರ’ ಎಂಬುದರ ಇಂಗ್ಲಿಷ್ ಮೊದಲಕ್ಷರ ಸೇರಿಸಿ ಇದನ್ನು ಮಾಡಿದರಂತೆ. ಕೇಳಲು ಚೆನ್ನಾಗಿದೆ, ಆದರೆ ಕಾಲ ಹೊಂದುವುದಿಲ್ಲ. ಬ್ರಿಟನ್ನಿನ ಪಕ್ಷಿತಜ್ಞ ಥಾಮಸ್ ಕವರ್ಡ್ 1921ರಲ್ಲೇ ಪತ್ರಿಕೆಯ ಅಂಕಣದಲ್ಲಿ ಈ ಪದ ಬಳಸಿದ್ದರು.

ನೀರಂಚಿನ ಹಕ್ಕಿಗಳಿಗೇ ಇಂಥ ಪದ ಯಾಕೆ ಜಾಸ್ತಿ ಬೇಕು ಅಂದರೆ, ಚಳಿಗಾಲದಲ್ಲಿ ಇವುಗಳಲ್ಲಿ ಬಹುಪಾಲು ಒಂದೇ ಥರ ಕಾಣುತ್ತವೆ. ಮೇಲೆ ಬೂದು ಕಂದು, ಕೆಳಗೆ ಬಿಳಿ, ಅಷ್ಟೇ. ವ್ಯತ್ಯಾಸ ಇರುವುದು ನಡವಳಿಕೆಯಲ್ಲಿ. ಪ್ಲವರ್‌ಗಳು ಕಣ್ಣಿನಿಂದ ಬೇಟೆ ಹುಡುಕುತ್ತವೆ. ಅದಕ್ಕೇ ನಾಲ್ಕು ಹೆಜ್ಜೆ ಓಡಿ, ಗಕ್ಕನೆ ನಿಂತು, ಕುಕ್ಕಿ, ಮತ್ತೆ ಓಡುತ್ತವೆ. ಉದ್ದ ಕೊಕ್ಕಿನ ಡೌವಿಚರ್‌ಗಳು ನಿಂತಲ್ಲೇ ಕೆಸರನ್ನು ಮೇಲಿಂದ ಮೇಲೆ ಚುಚ್ಚುತ್ತವೆ. ಕಾಮನ್ ಸ್ಯಾಂಡ್‌ಪೈಪರ್ ಹಿಂಭಾಗವನ್ನು ಕುಣಿಸುತ್ತಲೇ ಇರುತ್ತದೆ. ಸ್ಯಾಂಡರ್ಲಿಂಗ್ ಅಲೆ ಸರಿದರೆ ಅದರ ಹಿಂದೆ ಓಡುತ್ತದೆ, ಅಲೆ ಬಂದರೆ ವಾಪಸ್ ಓಡುತ್ತದೆ. ಟೆರೆಕ್ ಸ್ಯಾಂಡ್‌ಪೈಪರ್ ಅಂತೂ ಗಿಡ್ಡ ಕಾಲುಗಳ ಮೇಲೆ ಮೈ ಬಗ್ಗಿಸಿ ಏಡಿ ಅಟ್ಟಿಸಿಕೊಂಡು ಹೋಗುವುದೇ ಒಂದು ತಮಾಷೆ. ಅದರ ಕೊಕ್ಕು ಮೇಲಕ್ಕೆ ಬಾಗಿರುವುದು ಆಮೇಲೆ ಕಾಣುತ್ತದೆ.

ಈಗ ಪದಕ್ಕೆ ಬರೋಣ. ‘ಲಕ್ಷಣ’ ಬೇಡ, ಅದನ್ನು ರೆಕ್ಕೆಪಟ್ಟಿ, ಹುಬ್ಬುಗೆರೆಯಂಥ ಬಿಡಿ ಗುರುತುಗಳಿಗೆ ಇಟ್ಟುಕೊಂಡಿದ್ದೇನೆ. ‘ಚಹರೆ’ಯಲ್ಲಿ ಚಲನೆ ಇಲ್ಲ, ಪೊಲೀಸ್ ಪ್ರಕಟಣೆಯ ವಾಸನೆ ಬೇರೆ. ‘ಹಾವಭಾವ’ ಅಂದರೆ ಹಕ್ಕಿ ಬೇಕಂತಲೇ ನಟಿಸುತ್ತಿದೆ ಅನ್ನಿಸುತ್ತದೆ. ‘ಗತ್ತು’ ನನಗಿಷ್ಟ, ಆದರೆ ಸಣ್ಣ ಸ್ಟಿಂಟ್ ಹಕ್ಕಿಗೆ ಎಲ್ಲಿಯ ಗತ್ತು? ‘ಚರ್ಯೆ’ ಸರಿಹೊಂದಬಹುದು. ಮುಖಚರ್ಯೆಯಲ್ಲಿ ನೋಟವಿದೆ, ದಿನಚರ್ಯೆಯಲ್ಲಿ ನಡೆ ಇದೆ. ಆದರೆ ಮಾತಿನಲ್ಲಿ ಯಾರೂ ಅದನ್ನು ಒಂಟಿಯಾಗಿ ಆಡುವುದಿಲ್ಲ, ಅಲ್ವಾ? ಸದ್ಯಕ್ಕೆ ನನ್ನ ಓಟು ‘ವರಸೆ’ಗೆ. “ಅದರ ವರಸೆ ನೋಡಿದರೆ ಪ್ಲವರ್ ಅಲ್ಲ” ಎಂದು ಸಲೀಸಾಗಿ ಹೇಳಬಹುದು. ಆದರೆ “ಏನಿದು ನಿನ್ನ ವರಸೆ?” ಎಂದು ಗದರುವಾಗಿನ ಧ್ವನಿ ಇಲ್ಲಿ ಅಡ್ಡ ಬರುತ್ತದೆಯೇ? ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ ಹೇಳಿ.

ಇನ್ನೊಂದು ಮಾತು. ಸಿಗುವ ಪದ ‘ಖಚಿತ ಗುರುತು’ ಎಂಬ ಅರ್ಥ ಕೊಡಬಾರದು. ಅಪರೂಪದ ಹಕ್ಕಿಯ ವಿಷಯದಲ್ಲಿ ಜಿಜ್ ಅನುಮಾನ ಹುಟ್ಟಿಸುತ್ತದೆ, ತೀರ್ಪು ಕೊಡುವುದಿಲ್ಲ. ಅಳಿವಿನಂಚಿನ ಚಮಚ ಕೊಕ್ಕಿನ ಸ್ಯಾಂಡ್‌ಪೈಪರ್ ಪಕ್ಕದಿಂದ ನೋಡಿದರೆ ಸ್ಟಿಂಟ್‌ನಂತೆಯೇ ಕಾಣುತ್ತದೆ, ಚಮಚ ತಿಳಿಯುವುದು ಅದು ಮುಖ ತಿರುಗಿಸಿದಾಗ. ಕರ್ಲ್ಯೂ ಸ್ಯಾಂಡ್‌ಪೈಪರೋ ಡನ್ಲಿನ್ನೋ ಎಂಬ ಗೊಂದಲಕ್ಕೆ ಅದು ಹಾರಿದಾಗ ಸೊಂಟದ ಬಿಳಿಯನ್ನೇ ನೋಡಬೇಕು. ಕರ್ಲ್ಯೂ ಸ್ಯಾಂಡ್‌ಪೈಪರ್‌ದು ಪೂರ್ತಿ ಬಿಳಿ, ಡನ್ಲಿನ್‌ಗೆ ನಡುವೆ ಕಪ್ಪು ಪಟ್ಟಿ.

ಹಾಗೇ, ತನ್ನ ವಲಸೆಯ ಹಾದಿ ಬಿಟ್ಟು ಎಲ್ಲೋ ಬಂದಿಳಿದ ಒಂಟಿ ಹಕ್ಕಿಗೂ ಒಂದು ಪದ ಬೇಕು. ‘ಅಲೆಮಾರಿ’ ಸರಿಯಲ್ಲ, ಅದು ಸದಾ ಅಲೆಯುವುದಿಲ್ಲ. ‘ದಾರಿತಪ್ಪಿದ’ ಅಂದರೆ ಸುಮ್ನೆ ಅದರ ನಡತೆಯ ಮೇಲೆ ಆರೋಪ ಹೊರಿಸಿದಂತೆ. ‘ಹಾದಿಬಿಟ್ಟ ಹಕ್ಕಿ’ ನಡೆದೀತೇ?