ಹೊನ್ನಾವರದಾಗ ನೋಡಿದ ಬಿಳಿ ಹಕ್ಕಿ ಯಾವುದ್ರಿ? ಜನವರಿಗೆ ಮತ್ತ ಹೊಂಟೀವಿ

ತೊಗರಿನಾಡು, ಕಲಬುರಗಿ:
ಎಲ್ಲಾರಿಗೂ ನಮಸ್ಕಾರ ರೀ. ಹೋದ ಡಿಸೆಂಬರ್‌ದಾಗ ಮನಿ ಮಂದಿ ಜೋಡಿ ಹೊನ್ನಾವರಕ್ಕ ಹೋಗಿದ್ವಿ, ಶರಾವತಿ ಸಮುದ್ರ ಸೇರೋ ಕಡಿ ಮರಳಿನ ದಿಬ್ಬದ ಮ್ಯಾಲ ಬಿಳಿ ಹಕ್ಕಿ ಹಿಂಡು ಕುಂತಿತ್ತು, ಬೆನ್ನು ಬೂದಿ ಬಣ್ಣ, ಕೊಕ್ಕು ಕಾಲು ಕೆಂಪು, ಕಣ್ಣಿನ ಹಿಂದ ದಪ್ಪನ್ನ ಕರಿ ಚುಕ್ಕಿ. ಸ್ಲೆಂಡರ್-ಬಿಲ್ಡ್ ಗಲ್ ಅನ್ನೋ ಕಡಲ ಹಕ್ಕಿ ಇರಬಹುದಾ? ಅದು ನಮ್ಮ ಕರಾವಳಿಗೆ ಅಪರೂಪ ಅಂತಾರ, ಅದಕ್ಕ ಕೇಳ್ಳಿಕತ್ತೀನಿ. ಫೋಟೋ ಮೊಬೈಲ್‌ದಾಗ ದೂರಿಂದ ತೆಗದದ್ದು. ಜನವರಿದಾಗ ಮತ್ತ ಹೊಂಟೀವಿ, ಬೈನಾಕ್ಯುಲರ್ ಅದ, ಎಲ್ಲಿ, ಯಾವ ಹೊತ್ತಿನಾಗ ನಿಂತ್ರ ಛಲೋ ಹಕ್ಕಿ ಸಿಗ್ತಾವ ಹೇಳ್ರಿ.

ಕೆರಿದಂಡಿ, ಸುರಪುರ:
ಸರ, ಚುಕ್ಕಿ ಅಷ್ಟು ದಪ್ಪ ಕಂಡದಂದ್ರ ಸ್ಲೆಂಡರ್-ಬಿಲ್ಡ್ ಅಲ್ಲ. ಅದಕ್ಕ ಚುಕ್ಕಿ ಇರಂಗಿಲ್ಲ, ಇದ್ರೂ ಭಾಳ ಮಸಕು, ಕೊಕ್ಕು ಕುತ್ತಿಗಿ ಉದ್ದ, ಹಣಿ ಇಳಿಜಾರು ಇರ್ತದ. ನೀವು ನೋಡಿದ್ದು ಬ್ರೌನ್-ಹೆಡೆಡ್ ಇಲ್ಲಾ ಬ್ಲ್ಯಾಕ್-ಹೆಡೆಡ್ ಗಲ್. ತಲಿ ಕಂದು, ಕಪ್ಪು ಅಂತ ಹೆಸರಿದ್ರೂ ಚಳಿಗಾಲದಾಗ ಆ ಬಣ್ಣ ಹೋಗಿ ಚುಕ್ಕಿ ಅಷ್ಟೇ ಉಳೀತದ. ಎರಡರಾಗ ಯಾವುದು ಅಂತ ಹಾರಿದಾಗ ನೋಡ್ರಿ: ರೆಕ್ಕಿ ತುದಿ ಅಗಲಕ್ಕ ಕರ್ರಗಿದ್ದು ನಡುವ ಬಿಳಿ ಮಚ್ಚಿ ಇದ್ರ ಬ್ರೌನ್-ಹೆಡೆಡ್, ರೆಕ್ಕಿ ಮುಂದಿನ ಅಂಚಿಗೆ ಬಿಳಿ ಪಟ್ಟಿ ಇದ್ದು ತುದಿ ಅಷ್ಟೇ ಕಪ್ಪಿದ್ರ ಬ್ಲ್ಯಾಕ್-ಹೆಡೆಡ್. ಬೆಳೆದ ಬ್ರೌನ್-ಹೆಡೆಡ್ ಕಣ್ಣು ತಿಳಿ ಬಣ್ಣದ್ದು, ಅದೂ ಒಂದು ಗುರ್ತು. ಅಪರೂಪ ಅಲ್ಲ ಅಂತ ಬ್ಯಾಸರ ಮಾಡ್ಕೋಬ್ಯಾಡ್ರಿ, ಬ್ರೌನ್-ಹೆಡೆಡ್ ಅಂದ್ರ ಲಡಾಖ್ ಟಿಬೆಟ್ ಕಡಿ ಎತ್ತರದ ಸರೋವರದಾಗ ಮರಿ ಮಾಡೋ ಹಕ್ಕಿ, ನಮ್ಮ ಬೋನಾಳ ಕೆರಿಗೆ ಬರೋ ಪಟ್ಟೆತಲೆ ಹೆಬ್ಬಾತೂ ಅದೇ ದಿಕ್ಕಿಂದ ಬರ್ತದ.

ಬಳಚು, ಬೀದರ:
ನಾನು ಮೂಲ ಕುಮಟಾದವಳು, ಕೆಲಸಕ್ಕೆ ಬೀದರಿನಲ್ಲಿದ್ದೇನೆ. ಹೊನ್ನಾವರದ ಜೊತೆ ಅಘನಾಶಿನಿ ಅಳಿವೆಗೂ ಒಂದು ಬೆಳಗ್ಗೆ ಕೊಡಿ, 2024ರಲ್ಲಿ ಗದಗದ ಮಾಗಡಿ ಕೆರೆ ಜೊತೆ ಅದಕ್ಕೂ ರಾಮ್‌ಸಾರ್ ಪಟ್ಟ, ಅಂದ್ರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅನ್ನೋ ಮಾನ್ಯತೆ ಸಿಕ್ಕಿದೆ. ಮುಖ್ಯ ಏನಂದ್ರೆ ಗಡಿಯಾರ ನೋಡಬೇಡಿ, ಉಬ್ಬರ ಇಳಿತ ನೋಡಿ. ನೀರು ಇಳಿದಾಗ ಕೆಸರು ತೆರೆದುಕೊಳ್ತದೆ, ನಮ್ಮ ಹೆಂಗಸರು ಬಳಚು (ಕೆಸರಿನ ಚಿಪ್ಪು ಜೀವಿ) ಹೆಕ್ಕಲಿಕ್ಕೆ ಇಳಿಯುವ ಅದೇ ಹೊತ್ತಿಗೆ ಹಕ್ಕಿಗಳೂ ಇಳಿದು ದೂರದೂರಕ್ಕೆ ಚದುರಿ ಹೋಗ್ತವೆ. ನೀರು ಏರ್ತಾ ಬಂದ ಹಾಗೆ ಎಲ್ಲಾ ನಿಮ್ಮ ಕಡೆಗೇ ಸರಿದು ಉಳಿದ ಒಣ ಜಾಗದಲ್ಲಿ ಒತ್ತೊತ್ತಾಗಿ ನಿಲ್ತವೆ, ಆಗ ಒಂದೊಂದೇ ನಿಧಾನ ನೋಡಬಹುದು. ಡೊಂಕು ಕೊಕ್ಕಿನ ದೊಡ್ಡದು ಕರ್ಲ್ಯೂ, ಕೊಕ್ಕು ಮೇಲಕ್ಕೆ ಬಾಗಿದ ಸಣ್ಣದು ಟೆರೆಕ್ ಸ್ಯಾಂಡ್‌ಪೈಪರ್. ಕಪ್ಪು-ಬಿಳಿ ಮೈ, ಉದ್ದ ಕೆಂಪು ಕೊಕ್ಕು ಕಂಡ್ರೆ ಆಯ್‌ಸ್ಟರ್‌ಕ್ಯಾಚರ್, ಅದೇ ಬಣ್ಣಕ್ಕೆ ದಪ್ಪ ಕರಿ ಕೊಕ್ಕು ಇದ್ರೆ ಕ್ರ್ಯಾಬ್ ಪ್ಲವರ್, ಅದು ಸಿಕ್ಕಿದ್ರೆ ನಿಮ್ಮ ಪುಣ್ಯ. ಒಂದೇ ಮಾತು, ಫೋಟೋಕ್ಕೋಸ್ಕರ ಹಿಂಡಿನೊಳಗೆ ನುಗ್ಗಬೇಡಿ, ಉಬ್ಬರದ ಹೊತ್ತು ಅವುಗಳಿಗೆ ವಿಶ್ರಾಂತಿ, ಎಬ್ಬಿಸಿದ್ರೆ ಕೂರಲಿಕ್ಕೆ ಬೇರೆ ಜಾಗ ಇರೋದಿಲ್ಲ.

ತೊಗರಿನಾಡು, ಕಲಬುರಗಿ:
ಭಾಳ ಉಪಕಾರ ಆತ್ರಿ ಅಕ್ಕಾರ. ಕೆರಿದಂಡಿ ಸರ, ಫೋಟೋ ದೊಡ್ಡದ ಮಾಡಿ ನೋಡ್ದೆ, ಒಂದು ಹಾರ್ಲಿಕತ್ತದ, ರೆಕ್ಕಿ ತುದಿ ಕರ್ರಗ, ನಡುವ ಬಿಳಿ ಮಚ್ಚಿ ಖರೇನೇ ಅದ. ಬ್ರೌನ್-ಹೆಡೆಡ್ ಅಂತ ಇಬರ್ಡ್‌ಗೆ (ಹಕ್ಕಿ ನೋಡಿದ್ದು ದಾಖಲು ಮಾಡೋ ಆನ್‌ಲೈನ್ ತಾಣ) ಹಾಕಲೇನ್ರಿ?

ಕೆರಿದಂಡಿ, ಸುರಪುರ:
ಹಾಕ್ರಿ, ಫೋಟೋನೂ ಜೋಡಿ ಹಾಕ್ರಿ. ಉಳಿದವು ಖಾತ್ರಿ ಇಲ್ಲಂದ್ರ ಬರೇ ಗಲ್ ಅಂತ ಬರೀರಿ, ಅದಕ್ಕೂ ಅಲ್ಲಿ ಜಾಗ ಅದ. ಮತ್ತ ಜನವರಿದಾಗ ಯಾವುದರ ಕಾಲಿಗಾದ್ರೂ ಸಂಶೋಧಕರು ಗುರ್ತಿಗೆ ಹಾಕಿದ ಬಣ್ಣದ ಉಂಗುರ ಕಂಡ್ರ ಯಾವ ಕಾಲು, ಯಾವ ಬಣ್ಣ, ಯಾವ ಅಕ್ಷರ ಅಂತ ಅಲ್ಲೇ ಬರಕೊಂಡು ಇಲ್ಲಿ ಹಾಕ್ರಿ.