ಬರೆದಿದ್ದು ನಾನಾ, ಟ್ಯಾಬಾ?

ಪ್ರಶ್ನೆ:
ನಮ್ಮದು ದಾವಣಗೆರೆ. ನಾಲ್ಕು ವರ್ಷದಿಂದ ಟ್ಯಾಬ್‌ನಲ್ಲಿ ಚಿತ್ರ ಬರೆಯುತ್ತಿದ್ದೇನೆ. ಆರ್ಟ್ ಸ್ಕೂಲಿಗೆ ಹೋದವಳಲ್ಲ, ಯೂಟ್ಯೂಬ್ ನೋಡಿ ಕಲಿತೆ. ಈಗ ಪುಸ್ತಕದ ಮುಖಪುಟಕ್ಕೆ ಆರ್ಡರ್ ಬರುತ್ತಿವೆ. ಆದರೆ ಯಾರಾದರೂ ಹೊಗಳಿದರೆ ಎದೆ ಧಸಕ್ ಅನ್ನುತ್ತದೆ. ಬರೆದ ಗೆರೆಯನ್ನು ಅಳಿಸಿ ಹಿಂದಕ್ಕೆ ಹೋಗುವ ‘ಅಂಡೂ’ ಬಟನ್ ಇಲ್ಲದಿದ್ದರೆ ನನಗೆ ಒಂದು ಗೆರೆಯೂ ಬರಲ್ಲ, ಇದು ಒಂದಲ್ಲ ಒಂದು ದಿನ ಎಲ್ಲರಿಗೂ ಗೊತ್ತಾಗುತ್ತದೆ ಅನ್ನೋ ಭಯ. ಮೊನ್ನೆ ನೆಂಟರೊಬ್ಬರು ‘ಇದು ಎಐ ಮಾಡಿದ್ದಾ?’ ಅಂದರು. ಆಮೇಲೆ ಪೆನ್ ಮುಟ್ಟಿಲ್ಲ. ನಿಮಗೂ ಹೀಗಾಗಿದೆಯಾ? ಏನು ಮಾಡಿದಿರಿ?

ಮೈಸೂರಿನಿಂದ, ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯುವವರು:
ಆಗಿದೆ ಕಣಮ್ಮ. ಈಗಲೂ ಆಗುತ್ತದೆ.

ನನ್ನ ಮೊದಲ ಪುಸ್ತಕದ ಕತೆ ಹೇಳುತ್ತೇನೆ. ಗದ್ದೆಯಲ್ಲಿ ಎಮ್ಮೆ ಮೇಯಿಸುವ ಹುಡುಗನ ಕತೆ ಅದು. ನಾಟಿ ಆದ ಹೊಸದರಲ್ಲಿ ಪೈರಿಗೆ ಒಂದು ಎಳೆ ಹಸಿರು ಇರುತ್ತದಲ್ಲ, ಅದನ್ನು ಹಿಡಿಯಲು ಮೂರು ದಿನ ಒದ್ದಾಡಿದ್ದೆ. ಟ್ಯಾಬ್‌ನಲ್ಲಿ ಗದ್ದೆ ಹೊಳೆಯುತ್ತಿತ್ತು. ಪುಸ್ತಕ ಅಚ್ಚಾಗಿ ಕೈಗೆ ಬಂತು. ಬಿಚ್ಚಿ ನೋಡಿದರೆ ಗದ್ದೆಯೆಲ್ಲ ಬಾಡಿದ ಸೊಪ್ಪಿನ ಬಣ್ಣ! ಆ ರಾತ್ರಿ ನಿದ್ದೆ ಬರಲಿಲ್ಲ. ನಾನು ಕಲಾವಿದೆಯೇ ಅಲ್ಲ, ಇಷ್ಟು ದಿನ ಎಲ್ಲರಿಗೂ ಮೋಸ ಮಾಡಿದೆ ಅನ್ನಿಸಿತು.

ಮಾರನೆ ದಿನ ಪ್ರೆಸ್ಸಿಗೆ ಹೋದೆ. ಅಲ್ಲಿದ್ದ ಹಿರಿಯರು ಪುಟ ತಿರುವಿ, ‘ನೀವು ಆರ್‌ಜಿಬಿಯಲ್ಲೇ, ಅಂದರೆ ಪರದೆಯ ಬಣ್ಣದಲ್ಲೇ ಕಳಿಸಿದ್ದೀರಿ. ಪರದೆಯ ಹಸಿರು ಬೆಳಕಿನದು, ನಮ್ಮದು ಇಂಕಿನದು. ನಾಲ್ಕು ಇಂಕಿಗೆ ಅಷ್ಟು ಹೊಳಪು ಬರಲ್ಲ’ ಅಂದರು. ಅಷ್ಟೇ. ಅಚ್ಚಿಗೆ ಕಳಿಸುವ ಮೊದಲೇ ಸಿಎಂವೈಕೆಯಲ್ಲಿ, ಅಂದರೆ ಅಚ್ಚಿನ ಆ ನಾಲ್ಕು ಇಂಕಿನಲ್ಲಿ ಬಣ್ಣ ಹೇಗೆ ಕಾಣುತ್ತದೆ ಅಂತ ನೋಡಿಕೊಳ್ಳಬೇಕಿತ್ತು. ಕ್ರಿತಾ ಅನ್ನೋ ಚಿತ್ರ ಬರೆಯುವ ಸಾಫ್ಟ್‌ವೇರ್‌ನಲ್ಲಿ ಸಾಫ್ಟ್ ಪ್ರೂಫ್ ಅಂತ ಅದಕ್ಕೇ ಇದೆ, ಕ್ರಿತಾ ಪುಕ್ಕಟೆಯೂ ಹೌದು. ಕಲಿಯಲು ಒಂದು ಮಧ್ಯಾಹ್ನ ಸಾಕಾಯಿತು.

ಅವತ್ತಿನಿಂದ ಅನುಮಾನ ಬಂದಾಗೆಲ್ಲ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದು ನನಗೆ ಗೊತ್ತಿಲ್ಲದ್ದಾ, ಬರದೇ ಇರೋದಾ? ಹೆಚ್ಚಿನ ಸಲ ಗೊತ್ತಿಲ್ಲದ್ದೇ ಆಗಿರುತ್ತದೆ.

ಅಂಡೂ ವಿಷಯಕ್ಕೆ ಬರೋಣ. ಪೆನ್ಸಿಲ್‌ನವರ ಹತ್ತಿರ ರಬ್ಬರ್ ಇರಲಿಲ್ವಾ? ಯಾವ ಗೆರೆ ಸರಿಯಿಲ್ಲ ಅಂತ ನೋಡಿದ್ದು ನಿಮ್ಮ ಕಣ್ಣು. ಬಟನ್‌ಗೆ ಅದು ಗೊತ್ತಾಗಲ್ಲ. ಎಐ ಅಂದವರಿಗೆ ಉತ್ತರ ಕೊಡಬೇಕು ಅನ್ನಿಸಿದರೆ ಟೈಮ್‌ಲ್ಯಾಪ್ಸ್ ತೋರಿಸಿ, ನೀವು ಬರೆದದ್ದನ್ನು ವೇಗವಾಗಿ ಓಡಿಸುವ ವಿಡಿಯೊ. ಆದರೆ ಮೊದಲು ನೀವು ನೋಡಿ. ಹಳೆಯ ಫೈಲ್ ತೆಗೆದು, ಬಚ್ಚಿಟ್ಟ ಲೇಯರ್‌ಗಳನ್ನು, ಅಂದರೆ ಒಂದರ ಮೇಲೊಂದು ಬರೆದ ಪದರಗಳನ್ನು ಒಂದೊಂದಾಗಿ ಆನ್ ಮಾಡಿ. ನನ್ನ ಎಮ್ಮೆಯ ಕಿವಿಗೆ ಹನ್ನೊಂದು ಲೇಯರ್ ಇದ್ದವು. ಬೇಸರ ಬಂದಾಗ ಈಗಲೂ ಆ ಫೈಲ್ ತೆಗೆಯುತ್ತೇನೆ.

ಸಾಗರದಿಂದ:
ನನ್ನದು ಚಿಕ್ಕ ಮಾತು. ನಮ್ಮ ಅಜ್ಜಿ ಮದುವೆ ಮನೆಗಳಲ್ಲಿ ಹಸೆ ಚಿತ್ತಾರ ಬರೆಯುತ್ತಿದ್ದರು. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ. ಎಲ್ಲ ಅವರ ಅಮ್ಮನ ಕೈ ನೋಡಿ ಕಲಿತದ್ದು. ನೋಡಿ ಬರೆದಿರಿ ಅಂತ ಅವರನ್ನು ಯಾರೂ ಆಡಿಕೊಳ್ಳಲಿಲ್ಲ. ನಾನು ಫೋಟೊ ಪಕ್ಕದಲ್ಲಿಟ್ಟುಕೊಂಡು ಬರೆಯುವಾಗ ಕಳ್ಳತನ ಮಾಡಿದ ಹಾಗೆ ಅನ್ನಿಸುತ್ತಿತ್ತು. ಅಜ್ಜಿ ನೆನಪಾದ ಮೇಲೆ ಅದು ಹೋಯಿತು. ಬೇರೆಯವರ ಚಿತ್ರವನ್ನೇ ಇಳಿಸಿ ನನ್ನದು ಅನ್ನುವುದು ತಪ್ಪು. ನೋಡಿ ಕಲಿಯುವುದು ತಪ್ಪಲ್ಲ.

ಬೆಂಗಳೂರಿನಿಂದ, ಗೇಮ್ ಆರ್ಟಿಸ್ಟ್:
ಇದಕ್ಕೆ ‘ಇಂಪೋಸ್ಟರ್ ಸಿಂಡ್ರೋಮ್’, ಅಂದರೆ ನಾನು ನಕಲಿ ಅನ್ನೋ ಭಯ, ಅಂತ ಹೆಸರಿದೆ ಎಂದು ಗೊತ್ತಾದಾಗಲೇ ನನಗೆ ಅರ್ಧ ಭಾರ ಇಳಿದಿತ್ತು. 1978ರಲ್ಲಿ ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞೆಯರು ಇದರ ಬಗ್ಗೆ ಬರೆದರು. ಅವರು ನೋಡಿದ್ದು ಓದಿ ಗೆದ್ದ ಹೆಂಗಸರನ್ನೇ. ಡಿಗ್ರಿ, ಕೆಲಸ, ಹೆಸರು ಎಲ್ಲ ಇದ್ದರೂ ‘ಅದೃಷ್ಟದಿಂದ ಸಿಕ್ಕಿತು’ ಅನ್ನುತ್ತಿದ್ದರಂತೆ. ಕ್ಲಾನ್ಸ್, ಐಮ್ಸ್ ಇದನ್ನು ಕಾಯಿಲೆಯ ಹೆಸರಿನ ಹಾಗೆ ಸಿಂಡ್ರೋಮ್ ಅಂತ ಕರೆಯಲಿಲ್ಲ, ಫಿನಾಮಿನನ್, ಅಂದರೆ ಹೀಗೂ ಆಗುವ ಒಂದು ಅನುಭವ ಅಂದರು. ಇದೇ ಭಯ ಇರುವ ನಾಲ್ಕು ಜನ ಒಟ್ಟಿಗೆ ಕೂತು ಮಾತಾಡಿದರೆ ಒಳ್ಳೆಯದು ಅಂತಲೂ ಹೇಳಿದ್ದಾರೆ. ಹಾಗಾಗಿ ನೀವು ಕೇಳಿದ್ದು ತುಂಬಾ ಒಳ್ಳೆಯದಾಯಿತು.

ಇನ್ನೊಂದು ಮಾತು, ರೇಟಿನ ಬಗ್ಗೆ. ಅನುಮಾನ ಇರುವವರು ಕಡಿಮೆ ಹೇಳಿಬಿಡುತ್ತಾರೆ. ನಾನೂ ಹೇಳಿದ್ದೇನೆ. ಎಷ್ಟು ಗಂಟೆ ಕೂತಿರಿ ಅಂತ ಬರೆದಿಡಿ. ರಫ್ ಸ್ಕೆಚ್‌ನ ಗಂಟೆ, ತಿದ್ದಿದ ಗಂಟೆ, ಎಲ್ಲ. ಆ ಲೆಕ್ಕ ನೋಡಿಕೊಂಡು ರೇಟ್ ಹೇಳಿ. ನಿದ್ದೆ, ಊಟ ಬಿಟ್ಟುಹೋಗುವಷ್ಟು ಭಯ ಇದ್ದರೆ ಮಾತ್ರ ತಡ ಮಾಡದೆ ಕೌನ್ಸೆಲರ್ ಹತ್ತಿರ ಹೋಗಿ. ನಾನು ಹೋಗಿದ್ದೆ, ಉಪಯೋಗ ಆಯಿತು.

ದಾವಣಗೆರೆಯಿಂದ ಮತ್ತೆ:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಕೊನೆಯ ಮುಖಪುಟದ ಫೈಲ್ ತೆಗೆದೆ ಅಕ್ಕ. ಹುಡುಗಿಯ ಜಡೆ ಒಂದಕ್ಕೇ ಒಂಬತ್ತು ಲೇಯರ್ ಇತ್ತು. ಎಂಟನ್ನು ಮುಚ್ಚಿಟ್ಟಿದ್ದೆ. ನೋಡ್ತಾ ನೋಡ್ತಾ ಕೊನೆಯದಕ್ಕಿಂತ ಮೂರನೆಯದೇ ಚೆನ್ನಾಗಿತ್ತು ಅನ್ನಿಸಿತು. ಇವತ್ತು ಅದನ್ನೇ ಹಿಡಿದು ಕೂರುತ್ತೇನೆ.